ಅಂಟಿನ ಕೆಳಗಿನ ಕೆಂಪು

"ಮುಟ್ಟಬೇಡಿ ಸಾರ್, ಅದು ಸಾಕ್ಷ್ಯ," ಎಂದಳು ಎಸ್.ಐ. ರಜಿತಾ.

"ಸಾಕ್ಷ್ಯ ಅಂತಲೇ ಮುಟ್ತಿದೀನಮ್ಮ. ಪ್ರಸಾದ ಆಗಿದ್ರೆ ಕಣ್ಣಿಗೊತ್ತಿಕೊಂಡು ಸುಮ್ಮನಾಗ್ತಿದ್ದೆ," ಎಂದು ಸಮ್ಮಯ್ಯ ರಟ್ಟಿನ ಡಬ್ಬಿಯ ಅಂಚಿನೊಳಗೆ ಉಗುರು ತೂರಿಸಿದ.

ಮಾಧಾಪುರದಲ್ಲಿ ನವಧಾತ್ರಿ ಲ್ಯಾಬ್ಸ್‌ನ ಸಭಾಕೋಣೆ. ಗಾಜಿನ ಮೇಜಿನ ಮೇಲೆ ಪೊಲೀಸರು ತಂದಿಟ್ಟ ಡಬ್ಬಿಗಳು. ಫಿಟ್ಸ್ ಇರುವವರು ನುಂಗುವ ಸ್ಥಿರಾನಿಲ್ ಮಾತ್ರೆಯವು. ಒಳಗೆ ಸಿಕ್ಕಿದ್ದು ಮಾತ್ರೆಯಲ್ಲ, ಅಚ್ಚಿಗೆ ಹಾಕಿ ಒತ್ತಿದ ಸೀಮೆಸುಣ್ಣ. ಅದನ್ನು ನುಂಗಿದ ಹೈಸ್ಕೂಲು ಹುಡುಗಿಯೊಬ್ಬಳು ಐಸಿಯುನಲ್ಲಿ ಮಲಗಿದ್ದಳು. ಅದನ್ನು ಮಾರಿದ ಬೋರಬಂಡದ ಮೆಡಿಕಲ್ ಶಾಪಿನ ಅಂಡಾಲು ಜೈಲಿನಲ್ಲಿದ್ದಳು. ನಾಳೆ ಅವಳ ಜಾಮೀನು ಅರ್ಜಿ. ಅದು ಬಿದ್ದುಹೋದರೆ ವರ್ಷಗಟ್ಟಲೆ ಒಳಗೇ ಕೊಳೆಯಬೇಕು.

ಅವಳು ತಪ್ಪು ಮಾಡಿಲ್ಲವೆಂದು ನಂಬಿದ್ದವನು ಈ ಊರಿನಲ್ಲಿ ಒಬ್ಬನೇ. ಔಷಧ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು, ಮೇಲಿನವರನ್ನೆಲ್ಲ ಬೈದು, ಕೆಳಗಿನವರನ್ನೂ ಬಿಡದೆ ಬೈದು ನಿವೃತ್ತನಾದ ಸಮ್ಮಯ್ಯ. ರಜಿತಾಗೆ ಡಬ್ಬಿ, ಲೇಬಲ್ಲುಗಳ ವ್ಯವಹಾರ ಗೊತ್ತಿರಲಿಲ್ಲ. ಗೊತ್ತಿದ್ದವರ ಪೈಕಿ ಲಂಚ ಮುಟ್ಟದವನು ಇವನೊಬ್ಬನೆಂದು ಕರೆಸಿದ್ದಳು. ಕರೆಸಿದ ತಪ್ಪಿಗೆ ಬೆಳಗಿನಿಂದ ಅವಳೂ ಬೈಸಿಕೊಳ್ಳುತ್ತಿದ್ದಳು.

"ಅಂಕಲ್, ನಾನು ಮುಗಿಸಿಬಿಡ್ಲಾ?" ಎಂದ ಗೋಡೆಯ ದೊಡ್ಡ ಪರದೆಯ ಪಕ್ಕ ನಿಂತಿದ್ದ ನಿಖಿಲೇಶ್. ಕಂಪನಿಯ ಪ್ಯಾಕೇಜಿಂಗ್ ಮುಖ್ಯಸ್ಥ. ಬೆಳ್ಳಗಿನ ಶೂ, ಕತ್ತಿನಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ನಿಂಬೆ ಹೋಳು ತೇಲುವ ಚಹಾ.

"ನಿಮ್ಮಪ್ಪನ ತಮ್ಮ ಅಲ್ಲ ನಾನು. ಮುಗಿಸು."

"ಈಗಿನ ಮಾರುಕಟ್ಟೆ ಎತ್ತ ಹೋಗ್ತಿದೆ ಅಂದ್ರೆ, ರೋಗಿ ಮಾತ್ರೆ ಕೊಳ್ಳಲ್ಲ ಸಾರ್, ನಂಬಿಕೆ ಕೊಳ್ತಾನೆ. ಮಿಂಚೋ ಹೊಲೊಗ್ರಾಂ, ಫೋನಲ್ಲಿ ನೋಡೋ ಕ್ಯೂಆರ್ ಕೋಡ್, ಮಕ್ಕಳಿಗೆ ತೆರೆಯೋಕಾಗದ ಮುಚ್ಚಳ, ಪರಿಸರಕ್ಕೆ ಒಗ್ಗೋ ರಟ್ಟು. ಇನ್ನು ಮೇಲೆ ಮಾತ್ರೆಗಿಂತ ಪ್ಯಾಕಿಂಗೇ ಜಾಸ್ತಿ ಬೆಳೆಯುತ್ತೆ."

"ಅಂದ್ರೆ ಹೆಣಕ್ಕಿಂತ ಚಟ್ಟ ಚೆನ್ನಾಗಿರುತ್ತೆ."

ರಜಿತಾ ಕೆಮ್ಮಿ ನಗು ನುಂಗಿದಳು. ನಿಖಿಲೇಶ್ ನಗಲಿಲ್ಲ.

"ಹೊಸ ಡಬ್ಬಿ ಬಿಡುಗಡೆ ಆಗಿ ಒಂದು ತಿಂಗಳೂ ಆಗಿಲ್ಲ. ಆಗಲೇ ಇಷ್ಟು ಚೆನ್ನಾಗಿ ನಕಲು ಮಾಡಿದಾರೆ ಅಂದ್ರೆ ಇದು ದೊಡ್ಡ ಜಾಲ. ಆ ಹೆಂಗಸು ಗೊತ್ತಿದ್ದೇ ಅಗ್ಗಕ್ಕೆ ಕೊಂಡಿದಾಳೆ. ಅವಳಿಗೆ ನಮ್ಮ ಪ್ಯಾಕಿಂಗ್ ಮೇಲೆ ಗೌರವವೇ ಇಲ್ಲ ಅನ್ನೋದಕ್ಕೆ ಹಳೇ ನೋಟಿಸೂ ಇದೆ. ನಮ್ಮ ಸ್ಟ್ರಿಪ್ ಮೇಲೆ ಮಾರ್ಕರಲ್ಲಿ ಗೀಚ್ತಿದ್ಲು."

ಸಮ್ಮಯ್ಯನ ಕತ್ತಿನ ನರ ಉಬ್ಬಿತು. "ಏನು ಗೀಚ್ತಿದ್ಲು ಅಂತಲೂ ಹೇಳು. ಅವಧಿ ಮುಗಿಯೋ ತಾರೀಖು! ನೀವು ಬೆಳ್ಳಿ ಹಾಳೆ ಮೇಲೆ ಬಣ್ಣ ಇಲ್ಲದೆ, ಇರುವೆ ಕಾಲಿನಷ್ಟು ಸಣ್ಣಕ್ಕೆ ಒತ್ತಿರ್ತೀರಿ. ಮುದುಕರು ಅದನ್ನ ಬಿಸಿಲಿಗೆ ಹಿಡಿದು, ಓರೆ ಮಾಡಿ, ಕೊನೆಗೆ ದೇವರ ಮೇಲೆ ಭಾರ ಹಾಕಿ ನುಂಗ್ತಾರೆ. ಅವಳು ಅದನ್ನ ದಪ್ಪಕ್ಷರದಲ್ಲಿ ಬರೆದುಕೊಡ್ತಿದ್ಲು. ನನಗೂ ಬರೆದುಕೊಟ್ಟಿದಾಳೆ. ನಿನ್ನ ಹೊಲೊಗ್ರಾಂ ಮಾಡದ ಕೆಲಸ ಅವಳ ಪೆನ್ನು ಮಾಡಿತು. ಅದಕ್ಕೆ ನೀವು ನೋಟಿಸ್ ಕಳಿಸಿದ್ರಿ. ನಾಚಿಕೆ ಅನ್ನೋದನ್ನ ಯಾವ ಡಬ್ಬೀಲಿ ಪ್ಯಾಕ್ ಮಾಡಿ ಇಟ್ಟಿದೀರಯ್ಯ?"

"ಸಾರ್," ಎಂದಳು ರಜಿತಾ.

"ಬಾಯಿ ಮುಚ್ಚಿದೆ." ಅವನು ಡಬ್ಬಿಯ ಅಂಟಿಸಿದ ಅಂಚನ್ನು ನಿಧಾನವಾಗಿ ಎಬ್ಬಿಸಿದ. ಬಿಚ್ಚಿಕೊಂಡಿತು.

ಒಳಗೆ, ಒಂದರ ಮೇಲೊಂದು ಅಂಟಿಕೊಂಡಿದ್ದ ಜಾಗದಲ್ಲಿ, ಬೆರಳ ತುದಿಯಷ್ಟು ಕೆಂಪು ಕಲೆ.

ಇನ್ನೊಂದು ಡಬ್ಬಿ ಬಿಚ್ಚಿದ. ಇಲ್ಲ. ಮತ್ತೊಂದು. ಇಲ್ಲ. ಮೂಲೆಯಲ್ಲಿದ್ದ ಒಂದರಲ್ಲಿ ಮತ್ತೆ ಅದೇ ಕೆಂಪು.

"ಇಂಕು ಚೆಲ್ಲಿರಬೇಕು," ಎಂದ ನಿಖಿಲೇಶ್.

"ನಿನ್ನ ಡಬ್ಬಿ ಹಸಿರು, ನೀಲಿ. ಕೆಂಪು ಎಲ್ಲಿಂದ ಬಂತು, ನಿನ್ನ ಪರದೆಯಿಂದ ಸೋರಿತಾ?" ಸಮ್ಮಯ್ಯ ಕಲೆಯನ್ನು ಮೂಸಿದ. ಹುಳಿಹಿಡಿದ ಗಂಜಿಯ ವಾಸನೆ. "ರಜಿತಾ, ನಿಮ್ಮನೇಲಿ ಆರತಿ ನೀರು ಹೇಗೆ ಮಾಡ್ತಾರೆ?"

"ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಕೆಂಪಗಾಗುತ್ತೆ."

"ಅದಕ್ಕೆ ನಿಂಬೆಹುಳಿ ಹಿಂಡಿದ್ರೆ?"

ಅವಳು ಒಂದು ಕ್ಷಣ ಯೋಚಿಸಿ ಕಣ್ಣರಳಿಸಿದಳು. ಸಮ್ಮಯ್ಯ ಎದ್ದು ಹೋಗಿ, ನಿಖಿಲೇಶನ ಲೋಟದಿಂದ ನಿಂಬೆ ಹೋಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಂದ. ಕೇಳಲೂ ಇಲ್ಲ.

"ಒಂದು ಡಬ್ಬಿ ಹಾಗೇ ಇರಲಿ. ಈ ಇನ್ನೊಂದರ ಅರ್ಧ ಕಲೆ ಮೇಲೆ ಮಾತ್ರ. ನಿನ್ನ ಫೋನಲ್ಲಿ ಚಿತ್ರ ಹಿಡಿ."

ಒಂದೇ ಹನಿ ಬಿತ್ತು. ಕೆಂಪು ನಡುಗಿದಂತೆ ಕಂಡು, ಅಂಚಿನಿಂದ ಒಳಕ್ಕೆ ಹಳದಿ ಅರಳಿತು. ಅರ್ಧ ಕೆಂಪು, ಅರ್ಧ ಹಳದಿ.

"ಅರಿಶಿನ," ಎಂದಳು ರಜಿತಾ ಮೆಲ್ಲಗೆ. "ಆದ್ರೆ ಸುಣ್ಣ?"

"ಸುಣ್ಣ ಅಲ್ಲ. ಸಾಮಾನು ಸಾಗಿಸೋ ಕಂದು ರಟ್ಟಿನ ಪೆಟ್ಟಿಗೆ ಇರುತ್ತಲ್ಲ, ಅದನ್ನ ಅಂಟಿಸೋದು ಗಂಜೀಲಿ. ಗಂಜಿಗೆ ಕಾಸ್ಟಿಕ್ ಸೋಡಾ ಹಾಕ್ತಾರೆ. ಅದೂ ಸುಣ್ಣದ ಹಾಗೇ ಅರಿಶಿನನ ಕೆಂಪು ಮಾಡುತ್ತೆ. ಔಷಧದ ಡಬ್ಬಿ ಅಂಟಿಸೋದು ಮಷೀನಲ್ಲಿ, ಬಿಳೀ ಗೋಂದಲ್ಲಿ. ಆ ಗೋಂದಿಗೆ ಅರಿಶಿನ ಹಳದಿಯಾಗೇ ಇರ್ತಿತ್ತು. ಅಂದ್ರೆ ಇದನ್ನ ಯಾರೋ ಬೇರೆ ಕಡೆ, ಕೈಯಲ್ಲಿ, ಕಂದು ಪೆಟ್ಟಿಗೆ ಗಂಜಿ ಬಳಿದು ಅಂಟಿಸಿದಾರೆ."

"ಸರಿ, ಕಳ್ಳರೇ ಅಂಟಿಸಿದ್ದು. ನಾನೂ ಅದನ್ನೇ ಹೇಳಿದ್ದು," ಎಂದ ನಿಖಿಲೇಶ್.

"ಅಂಟಿಸಿದ್ದು ಕಳ್ಳರು. ಅಚ್ಚು ಹಾಕಿದ್ದು?" ಸಮ್ಮಯ್ಯ ಜೇಬಿನಿಂದ ಅಸಲಿ ಡಬ್ಬಿಯೊಂದನ್ನು ತೆಗೆದು ಪಕ್ಕಕ್ಕಿಟ್ಟ. "ನಿಮ್ಮ ಎಲೆ ಗುರುತು ನೋಡಿ. ದೇಟಿನ ಹತ್ರ ಕೂದಲಿನಷ್ಟು ತೆಳು ಗೀರು. ಅಸಲಿಯಲ್ಲೂ ಇದೆ, ಇದರಲ್ಲೂ ಇದೆ. ಗೀರು ಇರೋದು ಅಚ್ಚು ಹಾಕೋ ಪ್ಲೇಟಿನಲ್ಲಿ. ನಕಲು ಮಾಡೋನು ಎಲೆ ನಕಲು ಮಾಡ್ತಾನೆ, ಗೀರು ಮಾಡಲ್ಲ. ಎರಡೂ ಒಂದೇ ಪ್ಲೇಟಿನವು. ನಿಮ್ಮ ಡಬ್ಬಿ ಅಚ್ಚು ಹಾಕಿಕೊಡೋ ಬಾಲಾನಗರದ ಕನಕರತ್ನಂ ಪ್ರೆಸ್ಸಿನವು."

ರಜಿತಾ ಭೂತಗನ್ನಡಿ ಹಿಡಿದು ಬಗ್ಗಿದಳು. "ಹೌದು ಸಾರ್. ಇದೆ."

"ಇನ್ನು ಅರಿಶಿನ. ಹೊಸ ಪ್ಲೇಟು ಮಷೀನಿಗೇರಿದಾಗ ಮೊದಲು ಬರೋ ಹಾಳೆಗೆ ಪ್ರೆಸ್ಸಿನವರು ಅರಿಶಿನದ ಬೊಟ್ಟಿಡ್ತಾರೆ. ಪೂಜೆ ಹಾಳೆ ಅಂತಾರೆ. ಅದನ್ನ ಕತ್ತರಿಸೋ ಹಾಗಿಲ್ಲ, ಅಂಟಿಸೋ ಹಾಗಿಲ್ಲ. ಮುಂದಿನ ದಸರಾದವರೆಗೂ ದೇವರ ಪಟದ ಕೆಳಗೆ ನೇತುಹಾಕಿ, ಆಮೇಲೆ ಹೂವಿನ ಜೊತೆ ನೀರಿಗೆ ಬಿಡ್ತಾರೆ. ಈ ಕಳ್ಳನಿಗೆ ಎಂಥ ಹಾಳು ಜಿಪುಣತನ ನೋಡು, ದೇವರ ಹಾಳೇನೂ ಬಿಡಲಿಲ್ಲ. ಅದರಲ್ಲೂ ಡಬ್ಬಿ ಮಾಡಿ ಮಾರಿದ!"

"ಅಂದ್ರೆ ಡಬ್ಬಿ ಅಸಲಿ," ಎಂದಳು ರಜಿತಾ. "ಒಳಗಿನ ಮಾತ್ರೆ ಮಾತ್ರ ನಕಲಿ."

"ಕಂಪನಿ ಡಬ್ಬೀನೇ ಕಣ್ಣೆದುರು ಇದ್ರೆ ಬೋರಬಂಡದ ಅಂಗಡಿಯವಳು ಏನಂತ ಕಂಡುಹಿಡೀಬೇಕು? ನೆಕ್ಕಿ ನೋಡಬೇಕಿತ್ತಾ?" ಸಮ್ಮಯ್ಯ ಕುರ್ಚಿ ಎಳೆದುಕೊಂಡು ಕೂತ. "ಬರ್ಕೋ ನನ್ನ ಹೇಳಿಕೆ. ಈ ಹಾಳೆ ನಕಲಿಯಲ್ಲ, ಪ್ರೆಸ್ಸಿನದ್ದೇ. ಪೂಜೆ ಹಾಳೆ ಯಾರ ಕೈಗೆ ಹೋಯಿತೋ ಅವರೇ ಈ ಕೃತ್ಯದ ಮೂಲ. ಬರೆದೆಯಾ? ಕೆಳಗೆ ನಾನು ಸಹಿ ಹಾಕ್ತೀನಿ, ಕಂಪನಿ ಪರವಾಗಿ ಈ ಮಹಾನುಭಾವರೂ ಹಾಕಲಿ. ಎರಡೂ ಡಬ್ಬಿ ಸೀಲ್ ಮಾಡಿ ಇವತ್ತೇ ಕೋರ್ಟಿಗೆ ಒಪ್ಪಿಸು."

"ಒಂದು ದಿನ ತಡೆದ್ರೆ ಪ್ರೆಸ್ಸಲ್ಲಿ ವಿಚಾರಿಸಿ..."

"ಒಂದು ದಿನ ತಡೆದ್ರೆ ಇವರ ವಕೀಲರು ಅರಿಶಿನಾನ ಜಾಮ್ ಅಂತ ಸಾಧಿಸ್ತಾರೆ. ನಾಳೆ ಜಾಮೀನು ಗೊತ್ತಲ್ಲ? ಹೊರಡಮ್ಮಾ!"

ನಿಖಿಲೇಶ್ ತಕರಾರು ಮಾಡುತ್ತಾನೆಂದು ಸಮ್ಮಯ್ಯ ತೋಳೇರಿಸಿ ಕೂತಿದ್ದ. ಆದರೆ ನಿಖಿಲೇಶ್ ಪೆನ್ನು ತೆಗೆದು, ಓದದೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಟಿಕ್ಕೆನಿಸಿದ.

"ಸತ್ಯ ಹೊರಗೆ ಬರಲಿ ಸಾರ್. ನಮಗೂ ಅದೇ ಬೇಕು."

ಇಂಥವರ ಬಾಯಲ್ಲಿ ಸತ್ಯ ಎಂಬ ಮಾತು ಕೇಳಿದರೆ ಸಮ್ಮಯ್ಯನಿಗೆ ಆಗುತ್ತಿರಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ.

*

ಬಾಲಾನಗರದಲ್ಲಿ ಕನಕರತ್ನಂ ಪ್ರೆಸ್ಸಿನ ಬಾಗಿಲಿಗೆ ಬಂದಾಗ ಒಳಗಿಂದ ಮಷೀನಿನ ಧಡಧಡ ಸದ್ದು, ಇಂಕು, ಸೀಮೆಎಣ್ಣೆ ಬೆರೆತ ಘಾಟು. ಮಾಲೀಕನ ಕೋಣೆಯಲ್ಲಿ ಫ್ಯಾನೂ ಇರಲಿಲ್ಲ. ಎಸಿ ಇತ್ತು, ಆದರೆ ಅದು ಗಿರಾಕಿಗಳು ಬಂದಾಗ ಮಾತ್ರ. ಸಮ್ಮಯ್ಯನನ್ನು ನೋಡಿದ ಕನಕರತ್ನಂ ರಿಮೋಟನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದ. ಗಿರಾಕಿಯಲ್ಲವೆಂದು ಅವನ ಲೆಕ್ಕ.

"ಬನ್ನಿ ಬನ್ನಿ, ಸಮ್ಮಯ್ಯಗಾರು! ನಿವೃತ್ತಿ ಆದ್ಮೇಲೂ ನಮ್ಮ ಮೇಲೆ ಪ್ರೀತಿ ಕಮ್ಮಿ ಆಗಿಲ್ಲ ನೋಡಿ. ಚಹಾ ಹೇಳ್ಲಾ?"

"ಹೇಳ್ಲಾ ಅಂತ ಕೇಳೋನು ಹೇಳಲ್ಲ ಅಂತ ನಂಗೊತ್ತು. ಕೂತ್ಕೋ ರತ್ನಂ. ಸ್ಥಿರಾನಿಲ್‌ದು ಪೂಜೆ ಹಾಳೆ ಎಲ್ಲಿ?"

ಕನಕರತ್ನಂನ ನಗು ಹಲ್ಲಿನ ಮೇಲೆ ಹಾಗೇ ಉಳಿಯಿತು. ಕಣ್ಣಿನಿಂದ ಮಾತ್ರ ಇಳಿದುಹೋಯಿತು.

"ಯಾವ ಹಾಳೆ?"

"ಏಳು." ಸಮ್ಮಯ್ಯ ಅವನನ್ನು ತೋಳು ಹಿಡಿದು ಎಬ್ಬಿಸಿ, ಮಷೀನುಗಳ ನಡುವೆ ನಡೆಸಿಕೊಂಡು ಹೋಗಿ ದೇವರ ಮೂಲೆಗೆ ನಿಲ್ಲಿಸಿದ. ಗೋಡೆಯಲ್ಲಿ ಲಕ್ಷ್ಮೀನರಸಿಂಹನ ಪಟ. ಕೆಳಗೆ ಸಾಲಾಗಿ ಮೊಳೆಗಳು. ಒಂದೊಂದರಲ್ಲೂ ಒಂದೊಂದು ಔಷಧದ ದೊಡ್ಡ ಹಾಳೆ, ಮೇಲೆ ಒಣಗಿ ಬಿರಿದ ಅರಿಶಿನದ ಬೊಟ್ಟುಗಳು. ಕೆಮ್ಮಿನದು, ಸಕ್ಕರೆ ಕಾಯಿಲೆಯದು, ಹೊಟ್ಟೆನೋವಿನದು. ಕೊನೆಯ ಮೊಳೆಯಲ್ಲಿ ಹಾಳೆಯಿರಲಿಲ್ಲ. ಹರಿದ ಮೂಲೆಯೊಂದು ಮಾತ್ರ ನೇತಾಡುತ್ತಿತ್ತು. ಹಸಿರು, ನೀಲಿ.

"ಇದು?"

"ಇಲಿ ತಿಂತು."

"ನಿನ್ನ ಪ್ರೆಸ್ಸಲ್ಲಿ ಇಲಿಗೂ ಉಪವಾಸ. ಆಳುಗಳ ಬುತ್ತಿಯಲ್ಲೇ ಏನೂ ಉಳಿಯಲ್ಲ, ಇಲಿಗೆ ಎಲ್ಲಿಂದ ಬರಬೇಕು? ಸರಿಯಾಗಿ ಹೇಳು. ಕೆಟ್ಟ ಅಚ್ಚಿನ ಹಾಳೆಗಳನ್ನ ಚೂರು ಮಾಡಬೇಕು ಅನ್ನೋದು ನಿಯಮ. ಚೂರು ಮಾಡಿದೀಯಾ, ಹಿಂದಿನ ಬಾಗಿಲಿಂದ ಮಾರಿದೀಯಾ?"

"ನಾನು ಮಾರಿಲ್ಲ. ನನ್ನ ಮಕ್ಕಳಾಣೆ."

"ಮಕ್ಕಳನ್ನ ಬಿಡು, ಅವರೇನು ಪಾಪ ಮಾಡಿದಾರೆ. ಅಲ್ಲೊಂದು ಹುಡುಗಿ ಸೀಮೆಸುಣ್ಣ ನುಂಗಿ ಪ್ರಜ್ಞೆ ಇಲ್ಲದೆ ಮಲಗಿದಾಳೆ. ಏನೂ ತಿಳಿಯದ ಹೆಂಗಸೊಬ್ಬಳು ಜೈಲಲ್ಲಿ ರೊಟ್ಟಿ ಮುರೀತಿದಾಳೆ. ನೀನಿಲ್ಲಿ ಎಸಿ ರಿಮೋಟು ಬಚ್ಚಿಟ್ಕೊಂಡು ಕೂತಿದೀಯ. ಥೂ! ನಿನ್ನ ಜನ್ಮಕ್ಕೆ ಲೇಬಲ್ ಅಂಟಿಸೋದಾದ್ರೆ ಯಾವ ಅವಧಿ ಬರೀಬೇಕು? ಹುಟ್ಟಿದ ದಿನವೇ ಕೆಟ್ಟುಹೋಗಿದೆ ಅಂತ ಬರೀಬೇಕು."

ಮಷೀನಿನ ಸದ್ದು ನಿಂತಿತು. ಆಳುಗಳು ಕೈ ಒರೆಸಿಕೊಳ್ಳುತ್ತ ಇತ್ತ ನೋಡುತ್ತಿದ್ದರು. ಆಳುಗಳೆದುರು ಅನ್ನಿಸಿಕೊಂಡದ್ದೇ ಕನಕರತ್ನಂಗೆ ಹೆಚ್ಚು ಚುಚ್ಚಿತು. ಮುಖ ಕಪ್ಪಿಟ್ಟಿತು.

"ಬಾಯಿಗೆ ಬಂದಂಗೆ ಮಾತಾಡಬೇಡಿ. ಆ ಹಾಳೆ ನಾನು ಮುಟ್ಟಿಲ್ಲ. ಹೆಂಡತಿ ಹೋದ್ಮೇಲೆ ನಾನು ಪೂಜೆ ಹಾಳೆ ಮುಟ್ಟೋದೇ ಬಿಟ್ಟಿದೀನಿ. ಮುತ್ತೈದೆ ಕೈಲೇ ಅರಿಶಿನ ಇಡಿಸಬೇಕು, ಅವಳೇ ಮೊಳೆಗೆ ಹಾಕಬೇಕು, ಅದು ನಮ್ಮಲ್ಲಿ ನಡೆದುಬಂದ ಪದ್ಧತಿ."

"ಯಾರು ಆ ಮುತ್ತೈದೆ?"

"ನಮ್ಮ ಹಳೇ ಮಷೀನ್‌ಮನ್ ನರ್ಸಯ್ಯ ಇದ್ದನಲ್ಲ, ಅವನ ಮಗಳು. ಚಿಕ್ಕಂದಿನಿಂದ ಇಲ್ಲೇ ರಟ್ಟಿನ ಚೂರಲ್ಲಿ ಆಡ್ಕೊಂಡು ಬೆಳೆದವಳು. ಅವಳ ಕೈಗುಣ ಒಳ್ಳೇದು, ಅವಳು ಬೊಟ್ಟಿಟ್ಟ ಪ್ಲೇಟು ಎಂದೂ ಕೈಕೊಟ್ಟಿಲ್ಲ. ಅಪ್ಪ ಸತ್ತಮೇಲೂ ಹೇಳಿಕಳಿಸಿದ್ರೆ ಬರ್ತಿದ್ಲು."

"ಹೆಸರು ಕೇಳಿದೆ. ವಂಶಾವಳಿ ಅಲ್ಲ."

ಕನಕರತ್ನಂ ಈಗ ಮೊದಲ ಸಲ ನೆಟ್ಟಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಗೆದ್ದವನ ಸಣ್ಣತನವೆಲ್ಲ ಆ ನೋಟದಲ್ಲಿತ್ತು.

"ನೀವು ಬಿಡಿಸೋಕೆ ಓಡಾಡ್ತಿದೀರಲ್ಲ, ಅವಳೇ. ಅಂಡಾಲು."

ಸಮ್ಮಯ್ಯ ಕೈಯೆತ್ತಿಯೇಬಿಟ್ಟ. ಹೊಡೆಯಲಿಲ್ಲ. ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಸುಳ್ಳು ಬೊಗಳಬೇಡ."

"ಸುಳ್ಳಾ? ನೋಡಿ." ಕನಕರತ್ನಂ ಜೇಬಿನಿಂದ ಫೋನು ತೆಗೆದ. "ಹೊಸ ಪ್ಲೇಟಿನ ಪೂಜೆ ಮಾಡಿದಾಗೆಲ್ಲ ವಿಡಿಯೋ ತೆಗೆದು ಗಿರಾಕಿಗೆ ಕಳಿಸ್ತೀವಿ. ಖುಷಿಪಡ್ತಾರೆ. ಇದನ್ನ ನಿಖಿಲೇಶ್ ಬಾಬುಗೂ ಅವತ್ತೇ ಕಳಿಸಿದ್ದೆ."

ಫೋನಿನಲ್ಲಿ ಇದೇ ಮೂಲೆ, ಇದೇ ಪಟ. ಹಸಿರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಅಂಡಾಲು, ಬಟ್ಟಲಲ್ಲಿ ಬೆರಳದ್ದಿ, ಹೊಳೆಯುವ ಹೊಸ ಹಾಳೆಯ ಮೇಲೆ ಒಂದೊಂದಾಗಿ ಅರಿಶಿನದ ಬೊಟ್ಟಿಡುತ್ತಿದ್ದಳು. ಆಳುಗಳು ಚಪ್ಪಾಳೆ ತಟ್ಟಿದರು. ಅವಳು ನಕ್ಕಳು. ಸಮ್ಮಯ್ಯನಿಗೆ ಸ್ಟ್ರಿಪ್ಪಿನ ಮೇಲೆ ದಪ್ಪಕ್ಷರ ಬರೆದುಕೊಡುವಾಗ ನಗುತ್ತಿದ್ದ ಅದೇ ನಗು.

ಪ್ರೆಸ್ಸಿಗೂ ತನಗೂ ಇರುವ ನಂಟಿನ ಬಗ್ಗೆ ಈ ಹೆಂಗಸು ಜೈಲಿನ ಸರಳಿನ ಹಿಂದೆ ನಿಂತು ಮೂರು ಸಲ ಸಮ್ಮಯ್ಯನ ಜೊತೆ ಮಾತಾಡಿದಾಗಲೂ ತುಟಿ ಬಿಚ್ಚಿರಲಿಲ್ಲ.

ಮತ್ತೆ ಆ ಬಿಳೀ ಶೂಗಳವನು! ಅರಿಶಿನ ಅಂದ ತಕ್ಷಣ ಅವನಿಗೆ ಈ ವಿಡಿಯೋ ನೆನಪಾಗಿದೆ. ಅದಕ್ಕೇ ಓದದೆ ಸಹಿ ಮಾಡಿದ. ಪೂಜೆ ಹಾಳೆ ಯಾರ ಕೈಗೆ ಹೋಯಿತೋ ಅವರೇ ಮೂಲ ಎಂದು ಅಂಡಾಲುವಿನ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟವನು ತಾನು, ಸಮ್ಮಯ್ಯ. ಹಲ್ಲು ಕಡಿಯುತ್ತ ರಜಿತಾಗೆ ಫೋನು ಮಾಡಿದ.

"ಎಲ್ಲಿದೀಯಮ್ಮ? ಆ ಕವರು ನಿಲ್ಲಿಸು."

"ಈಗ ತಾನೇ ಒಪ್ಪಿಸಿ, ಮೊಹರು ಹಾಕಿಸ್ಕೊಂಡು ಹೊರಗೆ ಬಂದೆ ಸಾರ್. ನೀವೇ ಅವಸರ ಮಾಡಿದ್ರಲ್ಲ. ಯಾಕೆ, ಏನಾಯ್ತು?"

ಅವನು ಫೋನು ಕಿವಿಯಿಂದ ಇಳಿಸಿದ. ಒಳಗಿಂದ ಅವಳ "ಸಾರ್, ಸಾರ್" ಕೇಳುತ್ತಲೇ ಇತ್ತು.

"ಸಾಕಾ, ಇನ್ನೂ ನೋಡ್ತೀರಾ?" ಎಂದ ಕನಕರತ್ನಂ. "ಗಿರಾಕಿಗೆ ಕಳಿಸಿದ್ದು ಇಷ್ಟೇ. ಮುಂದಿನದು ಬರೀ ನನ್ನ ಹತ್ರ ಇದೆ. ಮಷೀನು ಹುಡುಗ್ರು ಊಟಕ್ಕೆ ಹೋದ್ಮೇಲೂ ಫೋನು ಆ ಕಟ್ಟೆ ಮೇಲೆ ಹಾಗೇ ಓಡ್ತಿತ್ತು."

"ಇದನ್ನ ಇಷ್ಟು ದಿನ ಯಾಕೆ ಮುಚ್ಚಿಟ್ಟೆ?"

"ಯಾರು ನನ್ನ ಕುತ್ತಿಗೆಗೆ ಬರ್ತಾರೋ ನೋಡೋಣ ಅಂತ. ನೀವು ಬಂದ್ರಿ."

ಹೇಡಿ, ಎಂದುಕೊಂಡ ಸಮ್ಮಯ್ಯ. ಆದರೂ ಕಣ್ಣು ಪರದೆಯ ಮೇಲಿಂದ ಕೀಳಲಾಗಲಿಲ್ಲ.

ಚಿತ್ರ ಈಗ ಓರೆಯಾಗಿತ್ತು. ಅಂಡಾಲು ಒಬ್ಬಳೇ. ಒಮ್ಮೆ ಹಿಂತಿರುಗಿ ನೋಡಿ, ಮೊಳೆಗೆ ಸಿಕ್ಕಿಸಿದ್ದ ಹಾಳೆಯನ್ನು ಸರಕ್ಕನೆ ಎಳೆದಳು. ಮೂಲೆ ಹರಿದು ಮೊಳೆಯಲ್ಲೇ ಉಳಿಯಿತು. ಹಾಳೆಯನ್ನು ಸುರುಳಿ ಸುತ್ತಿದಳು. ಚೌಕಟ್ಟಿನ ಆಚೆಯಿಂದ ಒಂದು ಕೈ ಬಂದಿತು. ಮುಖವಿಲ್ಲ, ಮೊಣಕೈವರೆಗೆ ಮಾತ್ರ. ಅವಳು ಸುರುಳಿಯನ್ನು ಆ ಕೈಗಿಟ್ಟಳು.

ಕನಕರತ್ನಂ ಸದ್ದು ಜಾಸ್ತಿ ಮಾಡಿದ.

"ತಗೋ," ಎಂದಿತು ಅಂಡಾಲುವಿನ ದನಿ, ಹೆದರಿಕೆಯ ಸುಳಿವೂ ಇಲ್ಲದೆ. "ಇದು ನಮ್ಮ ಪಾಲಿನದ್ದು, ಮೊದಲನೇದು. ಮಿಕ್ಕ ಹಾಳೆಗಳನ್ನ ನಾಳೆ ತಂದುಕೊಡ್ತೀನಿ."